ಮಂದೆ ಎದ್ದುಹೋದ ಹೊಲ

ಹೆಣ ಮೊದಲು ಕಂಡದ್ದು ಹೊಲದೊಡೆಯ ಶಿವಮೂರ್ತಪ್ಪನಿಗೆ. ಬಿ.ಜಿ. ಕೆರೆಯ ಹೊರಗೆ ಆತನದೊಂದು ಎರೆಹೊಲ. ಗೊಬ್ಬರವಾಗಲಿ ಎಂದು ಅದರಲ್ಲಿ ರಾತ್ರಿ ಹೊತ್ತು ಕುರಿಮಂದೆ ತರುಬಿಸಿದ್ದ. ಕುರಿ ಮಲಗಿದ ನೆಲ ಎಷ್ಟು ಹಸನಾಗಿದೆ ನೋಡೋಣವೆಂದು ಬೆಳಗಾಗುತ್ತಲೇ ಬಂದರೆ ಮಂದೆಯೂ ಇಲ್ಲ, ಕುರಿಗಾರನೂ ಇಲ್ಲ. ಕಾಲ್ತುಳಿತಕ್ಕೆ ಪುಡಿಯಾದ ಹಿಕ್ಕೆಯ ನಡುವೆ ಯಾರೋ ಬೋರಲು ಬಿದ್ದಿದ್ದಾರೆ. ಕುಡಿದವನಿರಬೇಕೆಂದು ಶಿವಮೂರ್ತಪ್ಪ ದೂರದಿಂದಲೇ ನಾಲ್ಕು ಬೈದ. ಮೈ ಅಲುಗಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದವನು ಹಾಗೇ ಊರಿನತ್ತ ಓಡಿದ.

ಸಬ್ ಇನ್‌ಸ್ಪೆಕ್ಟರ್ ರಾಜಣ್ಣ ಜೀಪಿನಿಂದ ಇಳಿಯುವ ಹೊತ್ತಿಗೆ ಬದುವಿನುದ್ದಕ್ಕೂ ಜನ ನಿಂತಿದ್ದರು. ರಾಜಣ್ಣ ಒಳ್ಳೆಯ ಪೊಲೀಸು. ಬೈಯುವುದು ಜಾಸ್ತಿ, ಹೊಡೆಯುವುದು ಇಲ್ಲ. ದೋಷವೆಂದರೆ ಒಂದೇ. ಮೊದಲು ತಲೆಗೆ ಹೊಕ್ಕಿದ್ದು ಆ ತಲೆಯಿಂದ ಸುಲಭಕ್ಕೆ ಕೆಳಗಿಳಿಯುತ್ತಿರಲಿಲ್ಲ.

ಕಾನ್‌ಸ್ಟೇಬಲ್‌ಗಳು ಹೆಣವನ್ನು ಅಂಗಾತ ಹೊರಳಿಸಿದರು. ಮೂವತ್ತರ ಆಸುಪಾಸಿನ ಗಂಡಸು. ಮುಖ ಊದಿ ಕಪ್ಪಿಟ್ಟಿದೆ. ಹಣೆ, ಹುಬ್ಬುಗಳೆಲ್ಲ ಧೂಳು. ಕುತ್ತಿಗೆಯ ಸುತ್ತ ಒಂದು ಗೀರು — ಅಡ್ಡಕ್ಕೆ, ಪೂರ್ತಿ, ಬಳೆ ತೊಡಿಸಿದಂತೆ. ರಾಜಣ್ಣ ಅದನ್ನು ನೋಡಿದ. ಮತ್ತೆ ಮೇಲಕ್ಕೆ ನೋಡುವ ಗೋಜಿಗೇ ಹೋಗಲಿಲ್ಲ.

“ಯಾರಿವನು?”

“ನಮ್ಮ ಈರೇಶ, ಸಾರ್,” ಎನ್ನುತ್ತ ಜನರ ನಡುವಿನಿಂದ ಒಬ್ಬ ಮುಂದೆ ಬಂದ. ಬಿಳಿ ಅಂಗಿ, ಕೆಂಪಡರಿದ ಕಣ್ಣು. “ನಾನು ಉಗ್ರಪ್ಪ ಅಂತ. ಶೇಂಗಾ ಬಿಡಿಸೋ ಮಿಷನ್ ಐತೆ ನಂದು. ಇವ್ನು ನಮ್ಮ ಮಿಷನ್ನಾಗೇ ಕೆಲ್ಸ ಮಾಡ್ತಿದ್ದ.”

“ನಿನ್ನೇನೂ ಬಂದಿದ್ನಾ?”

“ಬಂದಿದ್ದ. ಸಂಜಿಗೆ ಆಳುಗಳೆಲ್ಲ ಟೆಂಪೋದಾಗೆ ಮುಂಚೆ ಹೋದ್ರು. ಇವ್ನು ನಾನು ಮಿಷನ್ ಬಂದ್ ಮಾಡಿ ಆಮೇಲೆ ಹೊಂಟ್ವಿ. ತೊಟ್ಟಿ ತಾವ ಕೈಕಾಲು ಮುಖ ತೊಳ್ಕಂಡ. ಬೊಮ್ಮಣ್ಣನ್ನ ಒಂದು ಕೈ ನೋಡ್ಕಂಬತ್ತೀನಿ ಅಂದ. ಬ್ಯಾಡಲೇ ಅಂದೆ. ಕೇಳಲಿಲ್ಲ.”

“ಯಾವ ಬೊಮ್ಮಣ್ಣ?”

“ಇದೇ ಹೊಲದಾಗೆ ಕುರಿ ತರುಬಿದ್ನಲ್ಲ, ಸಾರ್, ಅವ್ನೇ.”

ಉಳಿದದ್ದನ್ನು ಬದುವಿನ ಮೇಲಿದ್ದ ಹತ್ತು ಬಾಯಿಗಳು ಹೇಳಿದವು. ಮೊನ್ನೆ ಬೊಮ್ಮಣ್ಣನ ಕುರಿಗಳು ನುಗ್ಗಿ ಈರೇಶ ಕಿತ್ತು ಒಟ್ಟಿದ್ದ ಶೇಂಗಾ ಬಣವೆಯನ್ನು ಕೆದರಿ ತಿಂದಿದ್ದವು. ಚಾ ಅಂಗಡಿಯ ಮುಂದೆ ಇಬ್ಬರಿಗೂ ಕೈ ಕೈ ಹತ್ತಿತ್ತು. ಬಿಡಿಸಿದ ಮೇಲೂ ಬೊಮ್ಮಣ್ಣ, ಇನ್ನೊಂದ್ಸಲ ಕುರಿ ಮೇಲೆ ಕೈ ಮಾಡಿದ್ರೆ ಕುತ್ತಿಗೆ ಹಿಸುಕಿಬಿಡ್ತೀನಿ ಅಂದಿದ್ದ. ಅರ್ಧ ಊರಿಗೇ ಕೇಳಿಸುವ ಹಾಗೆ ಅಂದಿದ್ದ.

ಹಿಸುಕುತ್ತೇನೆ ಅಂದವನಿದ್ದಾನೆ, ಹಿಸುಕಿದ ಕುತ್ತಿಗೆ ಇದೆ, ಅದೂ ಅವನೇ ಕುರಿ ತರುಬಿದ ಜಾಗದಲ್ಲಿ. ಮೇಲಾಗಿ ಅವನೇ ಇಲ್ಲ. ರಾಜಣ್ಣನಿಗೆ ಇದಕ್ಕಿಂತ ಹೆಚ್ಚು ಬೇಕಾಗಲಿಲ್ಲ. ಜೀಪು ಓಡಿತು.

ಬೊಮ್ಮಣ್ಣ ಸಿಕ್ಕಿದ್ದು ದೇವಸಮುದ್ರದ ದಾರಿಯಲ್ಲಿ. ಮುಂದೆ ಕತ್ತೆ, ಹಿಂದೆ ಮಂದೆ, ಪಕ್ಕಕ್ಕೆ ನಾಯಿಗಳು, ಎಲ್ಲಕ್ಕಿಂತ ಹಿಂದೆ ಹೆಂಡತಿ ಕ್ಯಾತಮ್ಮ. ಅವನು ಓಡಲಿಲ್ಲ. ಕುರಿ ಬಿಟ್ಟು ಯಾವ ಕುರಿಗಾರನೂ ಓಡುವುದಿಲ್ಲ ಎಂಬುದು ರಾಜಣ್ಣನಿಗೆ ಆಗ ಹೊಳೆಯಲಿಲ್ಲ.

“ಯಾವಾಗ ಎದ್ದು ಬಂದ್ಯೋ ಆ ಹೊಲದಿಂದ?”

“ನಿನ್ನೆ ಸಂಜಿಗೇ, ಸಾರ್. ಹೊತ್ತು ಮುಳುಗೋಕೆ ಮುಂಚೇನೇ.”

“ಸಂಜೇಲಿ ಯಾರಾದ್ರೂ ಮಂದೆ ಎಬ್ಬಿಸ್ತಾರೇನೋ? ಇನ್ನೊಂದು ರಾತ್ರಿ ಇರಬೇಕು ಅಂತ ಮಾತಾಗಿತ್ತಂತಲ್ಲ ಶಿವಮೂರ್ತಪ್ಪನ ಹತ್ರ?”

“ಆಗಿತ್ತು.”

“ಮತ್ಯಾಕೆ ಎದ್ದೆ?”

ಬೊಮ್ಮಣ್ಣ ಕೋಲನ್ನು ನೆಲಕ್ಕೆ ಊರಿ ಅದರ ತುದಿಯನ್ನೇ ನೋಡಿದ. “ಸುಮ್ನೆ, ಸಾರ್.”

“ಸುಮ್ನೆ?”

“ಹೂಂ. ಸುಮ್ನೆ.”

ಪೊಲೀಸರ ಕಿವಿಗೆ ‘ಸುಮ್ನೆ’ಗಿಂತ ಕೆಟ್ಟ ಉತ್ತರ ಇಲ್ಲ. ಕತ್ತೆಯ ಮೇಲಿನ ಗಂಟಿನಲ್ಲಿ ಕುರಿ ಕಟ್ಟುವ ಹಗ್ಗಗಳಿದ್ದವು. ಅವನ್ನು ಚೀಲಕ್ಕೆ ಹಾಕಿಸಿ, ಬೊಮ್ಮಣ್ಣನನ್ನು ಜೀಪಿಗೆ ಹತ್ತಿಸಿದರು. ಕ್ಯಾತಮ್ಮ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. “ನನ್ನ ಗಂಡಂಗೆ ಬಾಯಿ ಜೋರು, ಕೈ ಜೋರಿಲ್ಲ ಸಾರ್,” ಎಂದಷ್ಟೇ ಹೇಳಿ, ಅಷ್ಟೂ ಕುರಿಗಳನ್ನು ಹೊಡೆದುಕೊಂಡು ಜೀಪಿನ ಹಿಂದೆಯೇ ಹೊರಟಳು. ಇಷ್ಟು ದೊಡ್ಡ ಮಂದೆಯನ್ನು ಒಬ್ಬಳೇ ಎಷ್ಟು ದಿನ ಕಾಯ್ದಾಳು? ಗಂಡ ಜೈಲಿಗೆ ಹೋದರೆ ಕುರಿ ಒಂದೊಂದಾಗಿ ಕರಗುತ್ತವೆ, ಬದುಕೂ ಅವುಗಳ ಜೊತೆಗೇ ಕರಗುತ್ತದೆ. ಅದು ಅವಳಿಗೂ ಗೊತ್ತಿತ್ತು, ರಾಜಣ್ಣನಿಗೂ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಂದೆ ಠಾಣೆಯ ಕಾಂಪೌಂಡಿಗೆ ಬಂತು. ರಾಜಣ್ಣ ಮುತುವರ್ಜಿಯಿಂದ ಬೆಳೆಸಿದ್ದ ದಾಸವಾಳದ ಗಿಡಗಳನ್ನು ಬೋಳಿಸಿತು.

ಅಲ್ಲಿಗೇ ಸತ್ತವನ ಹೆಂಡತಿ ಗಂಗಲಕ್ಷ್ಮಿಯೂ ಬಂದಳು. ಲಾಕಪ್ಪಿನ ಸರಳಿನಾಚೆ ಬೊಮ್ಮಣ್ಣನನ್ನು ಕಂಡು ಒಂದು ಹಿಡಿ ಮಣ್ಣೆತ್ತಿ ಅವನ ಮುಖಕ್ಕೆ ಎರಚಿದಳು. “ನೀನು ಮಣ್ಣಾಗ ಹೋಗ. ಎರಡು ಹಿಡಿ ಶೇಂಗಾಕ್ಕೆ ನನ್ನ ಗಂಡನ್ನ ತಿಂದ್ಯಲ್ಲೋ.” ಬೊಮ್ಮಣ್ಣ ಮುಖ ಒರೆಸಿಕೊಳ್ಳಲೂ ಇಲ್ಲ. ರಾಜಣ್ಣ ಆಕೆಯನ್ನು ಹೊರಗೆ ಕೂರಿಸಿ, ಈರೇಶ ಮನೆಯಿಂದ ಏನೇನು ತೊಟ್ಟು ಹೊರಟಿದ್ದ ಎಂದು ಕೇಳಿದ. ಖಾಕಿ ಚಡ್ಡಿ, ನೀಲಿ ಬನಿಯನ್ನು, ಹಸಿರಂಚಿನ ಟವಲು. ಹೆಣದ ಮೈಮೇಲೆ ಚಡ್ಡಿಯಿತ್ತು, ಬನಿಯನ್ನಿತ್ತು. ಟವಲು ಇರಲಿಲ್ಲ. ಎಲ್ಲೋ ಬಿದ್ದುಹೋಗಿರಬೇಕು ಎಂದುಕೊಂಡು ಆತ ಚಳ್ಳಕೆರೆಗೆ ಹೊರಟ.

ಶವಪರೀಕ್ಷೆ ಮಾಡಿದ್ದು ಡಾಕ್ಟರ್ ಸಬೀನಾ. ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿಟ್ಟ ರಸೂಲ್ ಸಾಬರ ಮಗಳು. ಓದಿದ್ದು ನ್ಯಾಯವೈದ್ಯಶಾಸ್ತ್ರ. ಬದುಕಿದವರಿಗಿಂತ ಸತ್ತವರ ಹತ್ತಿರವೇ ಮಗಳಿಗೆ ಹೆಚ್ಚು ಕೆಲಸ ಎಂದು ತಂದೆ ಆಗಾಗ ಗೊಣಗುವುದುಂಟು. ರಾಜಣ್ಣ ಅವಸರದಲ್ಲೇ ಒಳಗೆ ಬಂದ.

“ಮೇಡಂ, ಕೇಸು ಕ್ಲಿಯರ್ ಆಗಿದೆ. ಕುತ್ತಿಗೆಗೆ ಹಗ್ಗ ಬಿಗಿದು ಕೊಲೆ — ಅಷ್ಟು ಬರೆದುಕೊಟ್ರೆ ಸಾಕು.”

“ಅಷ್ಟರಲ್ಲಿ ಎಷ್ಟು ಸುಳ್ಳಿದೆ ಗೊತ್ತಾ?” ಎಂದಳು ಸಬೀನಾ, ಕೈಗವಸು ಸರಿಮಾಡಿಕೊಳ್ಳುತ್ತ. ದನಿಯಲ್ಲಿ ಕೋಪವೇನೂ ಇರಲಿಲ್ಲ. “ಬನ್ನಿ, ಹತ್ತಿರ ನಿಂತು ನೋಡಿ.”

ರಾಜಣ್ಣ ಕರ್ಚೀಫು ಮೂಗಿಗೆ ಹಿಡಿದು ಹತ್ತಿರ ನಿಂತ.

“ಉಸಿರುಗಟ್ಟಿ ಸತ್ತಿದ್ದಾನೆ. ಅದು ನಿಜ. ರೆಪ್ಪೆ ಒಳಗೆ ನೋಡಿ, ಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕಿ. ಮುಖಕ್ಕೆ ಏರಿದ ರಕ್ತ ಇಳಿಯೋಕೆ ದಾರಿ ಸಿಕ್ಕಿಲ್ಲ. ಆದ್ರೆ ಉಸಿರು ಕಟ್ಟಿತು ಅನ್ನೋದು ಒಂದು ಮಾತು. ತಾನೇ ಕಟ್ಟಿಕೊಂಡನಾ, ಯಾರಾದ್ರೂ ಕಟ್ಟಿದ್ರಾ, ಅಚಾನಕ್ಕಾಗಿ ಕಟ್ಟಿತಾ — ಅದು ಬೇರೆ ಮಾತು. ಮೊದಲನೆಯದನ್ನ ಹೆಣ ತಾನಾಗೇ ಹೇಳುತ್ತೆ. ಎರಡನೆಯದನ್ನ ಕೇಳಬೇಕು.”

“ನೇಣಂತೂ ಅಲ್ವಲ್ಲ?”

“ಅಲ್ಲ. ನೇಣಾದ್ರೆ ಗೀರು ಗಲ್ಲದ ಕೆಳಗಿಂದ ಓರೆಯಾಗಿ ಕಿವಿ ಹಿಂದಕ್ಕೆ ಹತ್ತುತ್ತೆ. ಗಂಟಿದ್ದ ಕಡೆ ಬಿಟ್ಟುಹೋಗಿರುತ್ತೆ. ಇದು ಗಂಟಲಿನ ಗಡ್ಡೆಯಿಂದ ಕೆಳಗೆ, ಅಡ್ಡಕ್ಕೆ, ಸುತ್ತ ಪೂರ್ತಿ ಇದೆ.”

“ತಾನೇ ಬಿಗಿದುಕೊಂಡಿರಬಹುದಾ?”

“ಇಷ್ಟು ಜೋರಾಗಿ ಆಗಲ್ಲ. ಒಳಗೆ ಗಂಟಲಿನ ಮೃದುಮೂಳೆ ಬಿರುಕು ಬಿಟ್ಟಿದೆ.”

“ಹಂಗಾದ್ರೆ ಬೇರೆ ಯಾರೋ ಬಿಗಿದಿದ್ದು. ನಾನು ಹೇಳಿದ್ದೂ ಅದೇ.”

“ಬೇರೆ ಯಾರೋ. ಇಲ್ಲಾ ಬೇರೆ ಏನೋ.”

ರಾಜಣ್ಣ ಕರ್ಚೀಫು ಇಳಿಸಿದ. “ಏನೋ ಅಂದ್ರೆ?”

“ನೀವು ತಂದ ಹಗ್ಗ ಎಲ್ಲಿ? ಇಲ್ಲಿಡಿ. ಹಗ್ಗ ಬಿಗಿದ್ರೆ ಚರ್ಮದಲ್ಲಿ ಹುರಿಯ ಅಚ್ಚು ಬೀಳುತ್ತೆ. ಈ ಗೀರು ಅದಕ್ಕಿಂತ ಅಗಲ. ಅದರಲ್ಲಿ ಚೌಕ ಚೌಕ ನೇಯ್ಗೆ ಕಾಣುತ್ತೆ ನೋಡಿ. ಇದು ಬಟ್ಟೆ. ಇನ್ನೊಂದು — ಮನುಷ್ಯ ಮನುಷ್ಯನ ಕುತ್ತಿಗೆ ಬಿಗಿಯೋಕೆ ಹೊತ್ತು ಬೇಕು. ಅಷ್ಟರಲ್ಲಿ ಇವನ ಕೈ ಸುಮ್ಮನಿರ್ತಿತ್ತಾ? ಬಿಡಿಸಿಕೊಳ್ಳೋಕೆ ತನ್ನ ಕುತ್ತಿಗೆಯನ್ನ ತಾನೇ ಪರಚಿಕೊಳ್ತಿದ್ದ. ಒಂದೂ ಪರಚಿದ ಗಾಯ ಇಲ್ಲ. ಉಗುರಲ್ಲಿ ಚರ್ಮ ಇಲ್ಲ.”

“ಹಿಂದಿನಿಂದ ಬಂದು ಹಠಾತ್ತನೆ ಎಳೆದಿದ್ರೆ?”

“ಎಷ್ಟು ಹಠಾತ್ತನೆ?” ಆಕೆ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದಳು. “ಇಲ್ಲಿ ಹಿಂದೆ ಕೂದಲು ಬೇರುಸಮೇತ ಕಿತ್ತು ಬಂದಿದೆ. ಚರ್ಮ ಒಂದೇ ದಿಕ್ಕಿಗೆ ಉಜ್ಜಿಹೋಗಿದೆ. ಎದೆ ಮೇಲೆ ಅಡ್ಡಕ್ಕೆ ನೆಟ್ಟಗಿನ ಬಾಸುಂಡೆ, ಕಬ್ಬಿಣದ ಪಟ್ಟಿಗೆ ಬಡಿದ ಹಾಗೆ. ಹೆಗಲ ಮೇಲೆ ಕಪ್ಪು ಜಿಡ್ಡು. ಅದು ಗ್ರೀಸು. ಅದರ ವಾಸನೆ ನಾನು ಮೂಸಿ ನೋಡಬೇಕಾಗೇ ಇಲ್ಲ, ಅದರಲ್ಲೇ ಬೆಳೆದವಳು ನಾನು.”

ರಾಜಣ್ಣ ಸೋಲೊಪ್ಪಲಿಲ್ಲ. “ಕುರಿಗಾರನ ಹತ್ರಾನೂ ಗ್ರೀಸು ಇರಬಹುದು, ಮೇಡಂ.”

“ಇರಬಹುದು. ಕತ್ತೆಗೆ ಹಚ್ತಾನೆ.” ಸಬೀನಾ ನಗಲಿಲ್ಲ. “ಸರಿ, ಮುಖ ನೋಡಿ. ನೀವು ಬೆಳಗ್ಗೆಯೂ ನೋಡಿದ್ರಿ. ಏನು ಕಂಡಿತು?”

“ಧೂಳು. ಮಣ್ಣಲ್ಲಿ ಬೋರಲು ಬಿದ್ದಿದ್ದ. ಧೂಳು ಇರದೆ ಇನ್ನೇನಿರುತ್ತೆ?”

“ಆ ಹೊಲದ ಮಣ್ಣು ಯಾವ ಬಣ್ಣ?”

“ಎರೆ. ಕಪ್ಪು.”

“ಹಣೆ ಮೇಲಿರೋದು?”

ರಾಜಣ್ಣ ಬಗ್ಗಿದ. ಹಣೆ, ಹುಬ್ಬು, ಕಿವಿಯ ಮಡಿಕೆ, ಎಲ್ಲ ಕೆಂಪು. ಬೆವರಿನಲ್ಲಿ ಕಲಸಿ ಒಣಗಿದ ಕೆಂಪು ಧೂಳು. ರೆಪ್ಪೆಕೂದಲಲ್ಲಿ ಒಣ ಎಲೆಯ ಪುಡಿ. ಮೂಗಿನ ಮಧ್ಯಕ್ಕೆ ಬರುತ್ತಲೇ ಆ ಕೆಂಪು ಗೆರೆ ಎಳೆದಂತೆ ನಿಂತುಹೋಗಿತ್ತು. ಅಲ್ಲಿಂದ ಗಲ್ಲದವರೆಗೆ ಕೆಂಪಿನ ಸುಳಿವೇ ಇಲ್ಲ. ಮೂಗಿನ ಹೊಳ್ಳೆಯ ಬಳಿ, ತುಟಿಯ ಮೇಲೆ ಮಾತ್ರ ಒಂದಿಷ್ಟು ಕರಿ ಹುಡಿ.

ರಾಜಣ್ಣನ ಊರು ನನ್ನಿವಾಳ. ಶೇಂಗಾ ಸುಗ್ಗಿಯಲ್ಲಿ ಆತನೂ ಮಿಷನ್ನಿಗೆ ಬಳ್ಳಿ ತುಂಬಿದವನೇ. ಆ ಧೂಳು ಮೂಗಿಗೆ ಹೋದರೆ ಎದೆ ಕಟ್ಟುತ್ತದೆ. ಅದಕ್ಕೇ ಪ್ರತಿಯೊಬ್ಬನೂ ಮೂಗು ಬಾಯಿ ಮುಚ್ಚಿ ಟವಲು ಸುತ್ತಿ ಕುತ್ತಿಗೆಯ ಹಿಂದೆ ಗಂಟು ಹಾಕುತ್ತಾನೆ. ಕೆಲಸ ಮುಗಿದ ಗಳಿಗೆಯಲ್ಲಿ ಮೊದಲು ಓಡುವುದು ನೀರಿನ ತೊಟ್ಟಿಗೆ. ಮೈಯೆಲ್ಲ ನವೆ ಕಿತ್ತುಬರುತ್ತಿರುತ್ತದೆ. ಮುಖ ತೊಳೆಯದೆ ಮಿಷನ್ ಬಿಟ್ಟು ಹೋದ ಆಳನ್ನು ಆತ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಟವಲು,” ಎಂದ ರಾಜಣ್ಣ ಕಡೆಗೆ. “ಇವನು ಸಾಯೋವಾಗ ಟವಲು ಮುಖದ ಮೇಲಿತ್ತು.”

“ಕೆಲಸದಲ್ಲೇ ಇದ್ದ,” ಎಂದಳು ಸಬೀನಾ. “ಮಿಷನ್ ಓಡ್ತಾ ಇತ್ತು.”

“ಉಗ್ರಪ್ಪ ಹೇಳಿದ್ದು ಮುಖ ತೊಳ್ಕಂಡು ಹೋದ ಅಂತ.”

“ಯಾವ ಮುಖ ತೊಳ್ಕಂಡನೋ ಗೊತ್ತಿಲ್ಲ. ಈ ಮುಖ ಅಲ್ಲ.”

ಹೊರಡುವಾಗ ಬಾಗಿಲಲ್ಲಿ ನಿಂತು ರಾಜಣ್ಣ ಕೇಳಿದ, “ಹಂಗಾದ್ರೆ ಆಕಸ್ಮಿಕ ಅಂತ ಬರೀತೀರಾ?”

“ಇವತ್ತು ಏನೂ ಬರೆಯಲ್ಲ. ಆ ಮೂಗಿನ ಹತ್ರ ಕಪ್ಪು ಹುಡಿ ಇದೆಯಲ್ಲ, ಅದರದ್ದೊಂದು ನೋಡೋದಿದೆ. ಬೆಳಗ್ಗೆ ಮಿಷನ್ ಹತ್ರ ನಾನೂ ಬರ್ತೀನಿ.”

ಉಗ್ರಪ್ಪನ ಮಿಷನ್ನು ಹೆದ್ದಾರಿಯಿಂದ ಒಳಗೆ, ಕೆಂಪು ಮಸಾರಿ ಹೊಲವೊಂದರಲ್ಲಿ ನಿಂತಿತ್ತು. ಅಕ್ಕಪಕ್ಕ ಹೊಟ್ಟಿನ ಗುಡ್ಡೆಗಳು. ಮುಂದೆ ಟ್ರ್ಯಾಕ್ಟರು, ಹಿಂದೆ ಮಿಷನ್ನು, ಎರಡರ ನಡುವೆ ಮೊಣಕಾಲೆತ್ತರಕ್ಕೆ ಕಬ್ಬಿಣದ ಶಾಫ್ಟು. ಟ್ರ್ಯಾಕ್ಟರಿನ ತಿರುಗುವ ಬಲವೆಲ್ಲ ಅದರ ಮೂಲಕವೇ ಮಿಷನ್ನಿಗೆ ಹೋಗಬೇಕು. ಉಗ್ರಪ್ಪ ಮಡಚಿದ ಅಂಗಿ ತೋಳು ಇಳಿಸಿಕೊಳ್ಳುತ್ತ ಎದುರು ಬಂದ.

“ಬನ್ನಿ ಸಾರ್. ಚಾ ತರಿಸ್ಲಾ?”

“ಬೇಡ. ಈರೇಶ ಆವತ್ತು ಮುಖ ತೊಳ್ಕಂಡಿದ್ದು ಎಲ್ಲಿ?”

“ಅಗಾ ಅಲ್ಲಿ. ಆ ತೊಟ್ಟಿನಾಗೆ.”

“ನೀನೇ ನೋಡಿದ್ಯಾ?”

“ನನ್ನ ಕಣ್ಣಾರೆ, ಸಾರ್.”

“ಟವಲ್ನಾಗೆ ಒರೆಸ್ಕಂಡ್ನಾ?”

ಉಗ್ರಪ್ಪನ ಕಣ್ಣು ಒಂದು ಸಲ ಶಾಫ್ಟಿನ ಕಡೆಗೆ ಹೋಗಿ ಬಂತು. “ಹೂಂ… ಒರೆಸ್ಕಂಡ.”

ಸಬೀನಾ ಅಷ್ಟರಲ್ಲೇ ಶಾಫ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. “ಇದರ ಮೇಲೆ ಕವರ್ ಇರಬೇಕಲ್ಲ, ಉಗ್ರಪ್ಪ? ಪ್ಲಾಸ್ಟಿಕ್ ಕೊಳವೆ ಥರ. ಹೊಸದರಲ್ಲಿ ಬಂದಿರುತ್ತೆ.”

“ಗ್ರೀಸ್ ಹೊಡಿಯಕ್ಕೆ ಅಡ್ಡ ಬರ್ತಿತ್ತು, ಡಾಕ್ಟ್ರೇ. ಬಿಚ್ಚಿಟ್ಟಿದ್ದೆ. ಎಲ್ರೂ ಹಂಗೇ ಬಿಚ್ಚಿಡ್ತಾರೆ.”

“ಹೌದು. ನಮ್ಮ ಅಬ್ಬಾನ ಗ್ಯಾರೇಜಿಗೆ ಬರೋವೆಲ್ಲ ಹಂಗೇ ಬರ್ತಾವೆ.” ಆಕೆ ಶಾಫ್ಟಿನ ಕೀಲಿನ ಕಡೆ ಬೆರಳು ತೋರಿಸಿದಳು. “ರಾಜಣ್ಣ ಅವರೇ, ಇಲ್ಲಿ. ಗ್ರೀಸಿನ ಒಳಗಡೆ.”

ರಾಜಣ್ಣ ಇಕ್ಕಳ ತರಿಸಿ ಕೀಲಿನ ಸಂದಿಯಿಂದ ಕಪ್ಪು ಮುದ್ದೆಯೊಂದನ್ನು ಎಳೆದ. ಸೀಮೆಎಣ್ಣೆಯಲ್ಲಿ ಅದ್ದಿ ಬಿಡಿಸಿದಾಗ ನೂಲು ನೂಲಾಯಿತು. ಬಿಳಿ ನೂಲು, ನಡುನಡುವೆ ಹಸಿರು. ಅದರೊಳಗೆ ಸಿಕ್ಕಿಕೊಂಡು ಒಂದೆರಡು ತಲೆಗೂದಲು.

ಏನನ್ನೂ ಕೇಳುವ ಅಗತ್ಯವೇ ಬೀಳಲಿಲ್ಲ. ಉಗ್ರಪ್ಪ ಇದ್ದಲ್ಲೇ ಹೊಟ್ಟಿನ ಗುಡ್ಡೆಗೆ ಆತು ಕೂತ.

“ಕೊನೇ ಬಳ್ಳಿ ಒಟ್ಟು ಉಳಿದಿತ್ತು, ಸಾರ್. ಆಳು ಹೋಗಿದ್ರು. ನಾವಿಬ್ರೇ ಮುಗಿಸ್ಬಿಡಾನ ಅಂದ್ವಿ. ಬಳ್ಳಿ ಶಾಫ್ಟ್ ಕೆಳಗೆ ಸಿಕ್ಕಂತು. ತೆಗೀತೀನಿ ಅಂತ ಬಗ್ಗಿದ. ಟವಲ್ ತುದಿ ಇಳಿಬಿದ್ದಿತ್ತು… ನಾನು ಟ್ರ್ಯಾಕ್ಟರ್ ಮೇಲಿದ್ದೆ. ಶಬ್ದ ಬ್ಯಾರೆ ಆತು. ತಿರುಗಿ ನೋಡಿ ಬಂದ್ ಮಾಡ್ದೆ. ಕುಡುಗೋಲು ತಂದು ಟವಲ್ ಕೊಯ್ದೆ. ಮೈ ಹಂಗೇ ಬಿತ್ತು.”

“ಆಮೇಲೆ?”

“ಕರೆದೆ. ಅಲ್ಲಾಡಿಸ್ದೆ. ಮಾತಿಲ್ಲ, ಕಣ್ಣು ಬಿಟ್ಕಂಡೈತೆ. ಸತ್ತೋದ ಅನ್ಕಂಡೆ. ಕವರ್ ಇಲ್ಲದ ಶಾಫ್ಟು, ಜೈಲು ಗ್ಯಾರಂಟಿ ಅನ್ನಿಸ್ತು. ಕುತ್ತಿಗೆನಾಗೆ ಉಳಿದ ಟವಲ್ ಬಿಚ್ಚಿ ಸುಟ್ಟಾಕ್ದೆ. ಬೊಮ್ಮಣ್ಣನ ಜಗಳ ಊರಿಗೇ ಗೊತ್ತಿತ್ತು. ಟ್ರೇಲರಿಗೆ ಹಾಕಿ ಮೇಲೆ ಹೊಟ್ಟಿನ ಚೀಲ ಹಾಕ್ದೆ. ಶಿವಮೂರ್ತಪ್ಪನ ಹೊಲದ ಬದೀಗೆ ಬಿಟ್ಟು ಬರಾನ ಅಂತ ಹೋದ್ರೆ ಮಂದೆನೇ ಇಲ್ಲ. ಇದ್ದಿದ್ರೆ ನಾಯಿ ಹತ್ರಕ್ಕೂ ಬಿಡ್ತಿರಲಿಲ್ಲ. ಒಳಗೇ ಮಲಗಿಸಿ ಬಂದೆ.” ಅವನು ಕೈ ಮುಗಿದ. “ನಾನು ಕೊಂದಿಲ್ಲ, ಸಾರ್. ಮಿಷನ್ ಎಳ್ಕಂತು. ಆಕಸ್ಮಿಕ.”

ರಾಜಣ್ಣನಿಗೆ ಸಿಟ್ಟು ಬಂದರೂ ಒಳಗೊಳಗೇ ಭಾರ ಇಳಿದಂತಾಯಿತು. ಗಂಟು ಬಿಚ್ಚಿತ್ತು. ಸುಳ್ಳು ಹೇಳಿದ್ದಕ್ಕೆ, ಹೆಣ ಸಾಗಿಸಿದ್ದಕ್ಕೆ, ಇನ್ನೊಬ್ಬನ ತಲೆಗೆ ಕಟ್ಟಿದ್ದಕ್ಕೆ ಕೇಸು ಹಾಕುವುದು, ಸಾವು ಆಕಸ್ಮಿಕ. ಆತ ಸಬೀನಾಳ ಕಡೆ ತಿರುಗಿದ. “ಈಗ ಬರೀಬಹುದಲ್ಲ, ಮೇಡಂ?”

“ಈ ಶಾಫ್ಟ್ ಹತ್ರ ಸತ್ತಿದ್ರೆ ಬರೀತಿದ್ದೆ.”

“ಅಂದ್ರೆ?”

“ನಿನ್ನೆ ನಾವು ನೋಡಿದ್ದು ಒಂದು ಧೂಳು. ಮುಖದ ಮೇಲೆ ಇನ್ನೊಂದೂ ಇತ್ತು. ಮೂಗಿನ ಹತ್ರ, ತುಟಿ ಮೇಲೆ. ಅದು ಬೋರಲು ಬಿದ್ದಾಗ ಮೆತ್ತಿಕೊಂಡಿದ್ದು ಅಂತ ಬಿಟ್ಟುಬಿಡಬಹುದಿತ್ತು. ಆದ್ರೆ ಶ್ವಾಸನಾಳ ಸೀಳಿ ನೋಡಿದ್ರೆ ಒಳಗೂ ಅದೇ ಇದೆ. ಬಾಯಲ್ಲಷ್ಟೇ ಅಲ್ಲ. ಎದೆ ಒಳಗೆ, ಸಣ್ಣ ಸಣ್ಣ ಕವಲುಗಳವರೆಗೂ. ಎರೆಮಣ್ಣು, ಕುರಿಹಿಕ್ಕೆ ಪುಡಿ. ಸೂಕ್ಷ್ಮದರ್ಶಕದಲ್ಲಿ ಕುರಿ ತಿಂದ ಹುಲ್ಲಿನ ನಾರು ಸಮೇತ ಕಾಣುತ್ತೆ.”

ಉಗ್ರಪ್ಪ ಮುಗಿದ ಕೈ ಇಳಿಸಲಿಲ್ಲ.

“ಸತ್ತವನ ಮೂಗಿನ ಹತ್ರ ಧೂಳು ಇರಬಹುದು, ಉಗ್ರಪ್ಪ. ಅಷ್ಟು ಒಳಗೆ ಹೋಗಬೇಕು ಅಂದ್ರೆ ಅವನು ಎಳ್ಕೋಬೇಕು. ಗಂಟಲೂ ಊದಿಕೊಂಡಿತ್ತು. ಹೆಣದ ಗಂಟಲು ಊದಲ್ಲ. ನೀನು ಕೊಯ್ದಾಗ ಅವನಿಗೆ ಎಚ್ಚರ ತಪ್ಪಿತ್ತು, ಅಷ್ಟೇ. ಟ್ರೇಲರಿನಲ್ಲಿ ಚೀಲದ ಕೆಳಗೂ ಬದುಕಿದ್ದ. ಆ ಹೊಲದಲ್ಲಿ ಬೋರಲು ಮಲಗಿಸಿದ್ಯಲ್ಲ, ಅಲ್ಲೂ ಉಸಿರಾಡಿದ. ಊತ ದಾರಿ ಮುಚ್ಚೋವರೆಗೂ ಆಡಿದ. ಮಿಷನ್ ಎಳೆದಿದ್ದು ಆಕಸ್ಮಿಕ, ನಿಜ. ಅವನು ಸತ್ತಿದ್ದು ಅದೊಂದರಿಂದಲೇ ಅಂತ ನಾನು ಬರೆಯಲ್ಲ.”

ಗಾಳಿಗೆ ಹೊಟ್ಟು ಹಾರಿ ಎಲ್ಲರ ಮೈಮೇಲೂ ಬೀಳುತ್ತಿತ್ತು. ಯಾರೂ ಕೊಡವಿಕೊಳ್ಳಲಿಲ್ಲ. ರಾಜಣ್ಣ ಬಗ್ಗಿ ಮೆಲ್ಲಗೆ ಕೇಳಿದ.

“ಯಾವ ದಾರೀಲಿ ಹೋದೆ?”

“ಹೈವೇನಾಗೇ.”

“ಹೈವೇ ಮ್ಯಾಲೆ ಸರ್ಕಾರಿ ಆಸ್ಪತ್ರೆ ಐತಲ್ಲ.”

“ಅದರ ಮುಂದೇನೇ ಹೋದೆ, ಸಾರ್. ಲೈಟ್ ಉರೀತಿತ್ತು. ಬಾಗಿಲಾಗೆ ನರ್ಸು ನಿಂತಿದ್ರು. ಯಾರಾದ್ರೂ ಟ್ರೇಲರ್ ನೋಡ್ತಾರೆ ಅಂತ ಜೋರಾಗಿ ಹೊಡ್ಕಂಡು ಹೋದೆ.” ಉಗ್ರಪ್ಪ ಸಬೀನಾಳ ಕಡೆ ತಿರುಗಿದ. “ಅಲ್ಲೇ ನಿಲ್ಲಿಸಿದ್ರೆ ಉಳೀತಿದ್ನಾ, ಡಾಕ್ಟ್ರೇ?”

“ಉಳೀತಿದ್ದ ಅಂತ ಹೇಳೋಕಾಗಲ್ಲ. ಉಳಿಸೋಕೆ ನೋಡಬಹುದಿತ್ತು.”

ಕಾನ್‌ಸ್ಟೇಬಲ್ ಅವನನ್ನು ಎಬ್ಬಿಸಿದ. ಜೀಪಿನವರೆಗೆ ಅವನು ತಾನಾಗಿಯೇ ನಡೆದ.

ಠಾಣೆಯಲ್ಲಿ ರಾಜಣ್ಣ ಲಾಕಪ್ಪಿನ ಬೀಗವನ್ನು ತಾನೇ ತೆಗೆದ. ಬೊಮ್ಮಣ್ಣ ಹೊರಗೆ ಬಂದು ಕ್ಯಾತಮ್ಮನ ಪಕ್ಕ ನಿಂತ. ತಪ್ಪಾಯಿತು ಎಂದು ಹೇಳಲು ರಾಜಣ್ಣನಿಗೆ ಬಾಯಿ ಬರಲಿಲ್ಲ. ಅದರ ಬದಲು, “ಕುರಿ ದಾಸವಾಳ ತಿಂದಿದ್ದಕ್ಕೆ ಕೇಸು ಹಾಕಲ್ಲ, ಹೋಗು,” ಎಂದ. ಕ್ಯಾತಮ್ಮನ ಮುಖದಲ್ಲಿ ಮೊದಲ ಸಲ ನಗು ಸುಳಿಯಿತು, ಸುಳಿದದ್ದೇ ಅಳುವಾಯಿತು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಗಂಗಲಕ್ಷ್ಮಿಯನ್ನೂ ಕರೆಸಿದ್ದರು. ನಡೆದದ್ದನ್ನು ಬೇರೆಯವರ ಬಾಯಿಂದ ಆಕೆ ಕೇಳುವುದು ಬೇಡವೆಂದು ರಾಜಣ್ಣನೇ ಎಲ್ಲವನ್ನೂ ಹೇಳಿದ. ಟವಲು, ಶಾಫ್ಟು, ಟ್ರೇಲರು, ಆಸ್ಪತ್ರೆ. ಹೊಲದ ಮಾತಿಗೆ ಬಂದಾಗ ದನಿ ಸಣ್ಣದಾಯಿತು. ಆಕೆ ಅವನ ಮಾತು ಮುಗಿಯುವವರೆಗೂ ಅಲುಗಲಿಲ್ಲ. ಮುಗಿದ ಮೇಲೆ ಸಬೀನಾಳ ಕಡೆ ತಿರುಗಿದಳು.

“ಎಷ್ಟೊತ್ತು ಬದುಕಿದ್ದ, ಅಕ್ಕ?”

“ಹೊತ್ತು ಹೇಳೋಕಾಗಲ್ಲಮ್ಮ. ಎಚ್ಚರ ಇರಲಿಲ್ಲ. ನೋವು ಗೊತ್ತಾಗಿರಲ್ಲ.”

“ಆ ಹೊಲದಾಗೆ ಇದ್ದ?”

“ಇದ್ದ.”

ಗಂಗಲಕ್ಷ್ಮಿ ಎದ್ದು ಬೊಮ್ಮಣ್ಣನ ಎದುರು ಹೋಗಿ ನಿಂತಳು. ಮತ್ತೆ ಏನು ಎರಚುತ್ತಾಳೋ ಎಂದು ಕಾನ್‌ಸ್ಟೇಬಲ್ ಒಂದು ಹೆಜ್ಜೆ ಮುಂದೆ ಬಂದ. ಆಕೆ ಕೇಳಿದ್ದು ಇಷ್ಟೇ.

“ಆವತ್ತು ರಾತ್ರಿ ನೀನು ಅಲ್ಲೇ ಇರಬೇಕಿತ್ತಂತಲ್ಲ. ಯಾಕೆ ಎದ್ದು ಹೋದೆ?”

ಹಿಂದಿನ ದಿನ ಪೊಲೀಸರಿಗೆ ಬಾಯಿ ಬಿಡದವನು ಈಗ ಬಿಟ್ಟ.

“ಈರೇಶ ಸಂಜಿಗೆ ಜಗಳಕ್ಕೆ ಬರ್ತಾನೆ ಅಂತ ಯಾರೋ ಅಂದ್ರು, ತಾಯಿ. ಬಂದ್ರೆ ನಾನೂ ಸುಮ್ನಿರಲ್ಲ, ನಂಗೆ ಗೊತ್ತು. ಬ್ಯಾಡ ಹೋಗಾನ ಅಂದ್ಲು ಇವ್ಳು. ಹೆದ್ರಿ ಓಡಿ ಬಂದೆ ಅಂತ ಸಾರ್ ಮುಂದೆ ಹೇಳೋಕೆ ನಾಚ್ಕೆ ಆತು. ಇದ್ದಿದ್ರೆ ನಾಯಿ ಬೊಗಳ್ತಿದ್ವು. ನಾನು ಎದ್ದು ನೋಡ್ತಿದ್ದೆ. ಎಷ್ಟು ಜಗಳ ಇದ್ರೂ ಹೆಗಲ ಮ್ಯಾಲೆ ಹಾಕ್ಕಂಡು ಆಸ್ಪತ್ರೆಗೆ ಓಡ್ತಿದ್ದೆ.”

ಗಂಗಲಕ್ಷ್ಮಿ ತಲೆಯಾಡಿಸಿದಳು. ಆ ರಾತ್ರಿ ಅವನು ಅಲ್ಲೇ ಇದ್ದ ಎಂದು ನಿನ್ನೆಯೆಲ್ಲ ಶಪಿಸಿದ್ದವಳು ಅವಳು.

“ಇರಬೇಕಿತ್ತಣ್ಣ ನೀನು,” ಎಂದಳು. “ನೀನು ಅಲ್ಲಿ ಇರಬೇಕಿತ್ತು.”